ಗಂಗಕ್ಕ ಪುಸ್ತಕ ಹಂಚಿದ ಬೇಸಿಗೆ

ಹನುಮಂತುವನ್ನು ಕೊಂದದ್ದು ಸಲಿಕೆಯಿಂದ. ಕಾಲುವೆಯ ತೂಬಿನ ಹತ್ತಿರ, ಹಾಡಹಗಲಲ್ಲಿ, ಬುತ್ತಿ ತಂದ ಹೆಂಡತಿಯ ಕಣ್ಣೆದುರಿಗೆ.

ಹನುಮಂತು ನೀರುಗಂಟಿ. ಬೊಮ್ಮನಹಾಳ್ ಕಡೆಯ ಆ ಊರಿನಲ್ಲಿ ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಬಿಡಬೇಕು ಅನ್ನುವುದು ಅವನ ಕೆಲಸ. ಕಾರ್ತಿಕ ಮಾಸ, ಭತ್ತದ ತೆನೆಗೆ ಹಾಲು ತುಂಬುವ ಕಾಲ. ಎರ್ರಪ್ಪ ತನ್ನ ಪಾಳಿಯಲ್ಲದಿದ್ದರೂ ತೂಬು ಎತ್ತಿದ. ಹನುಮಂತು ಇಳಿಸಿದ. ಅವನು ಮತ್ತೆ ಎತ್ತಿದ, ಇವನು ಮತ್ತೆ ಇಳಿಸಿದ. ಮೂರನೆಯ ಸಲ ಎರ್ರಪ್ಪ ತೂಬಿಗೆ ಕೈಹಾಕಲಿಲ್ಲ. ಸಲಿಕೆ ಎತ್ತಿದ. ಕತ್ತು ಹೆಗಲು ಕೂಡುವ ಜಾಗಕ್ಕೆ ಬಿತ್ತು. ಒಂದೇ ಏಟು.

ಹೊಡೆದ, ಓಡಿಹೋದ. ಗಂಗಕ್ಕ ಪೊಲೀಸರಿಗೆ ಹೇಳಿದ್ದು ಇಷ್ಟೇ. ಮೈದುನ ಬೊಮ್ಮಣ್ಣನಿಗೆ ಹೇಳಿದ್ದೂ ಇಷ್ಟೇ. ಮಕ್ಕಳಿಗೂ ಇಷ್ಟೇ.

ಎರ್ರಪ್ಪ ನಾಲ್ಕು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಅವನ ಮನೆ ಇವರ ಮನೆಯಿಂದ ಹನ್ನೊಂದನೆಯದು. ರಾಯದುರ್ಗದ ಕೋರ್ಟಿನಲ್ಲಿ ಕೇಸು ನಡೆಯುತ್ತಲೇ ಇತ್ತು. ಗಂಗಕ್ಕನ ಸಾಕ್ಷಿಯ ದಿನ ಇನ್ನೂ ಬಂದಿರಲಿಲ್ಲ.

ಅವಳ ತವರು ಮಡಕಶಿರದ ಆಚೆ, ಅಗಳಿ. ರಾಗಿ, ಕಡಲೆಕಾಯಿ ಬೆಳೆಯುವ ಒಣಸೀಮೆ. ಅಲ್ಲಿ ನೀರಿಗಾಗಿ ಯಾರೂ ಹೊಡೆದಾಡುತ್ತಿರಲಿಲ್ಲ, ಹೊಡೆದಾಡಲು ನೀರೇ ಇರಲಿಲ್ಲ. ನಾಲ್ಕನೆಯ ಕ್ಲಾಸು ಓದಿದ್ದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಕಾಲುವೆ ಸೀಮೆಗೆ ಬಂದಳು. ಅವಳು "ಯಾಕೆ, ಐತೆ, ಕಣಪ್ಪಾ" ಅಂದರೆ ಈ ಕಡೆಯ ಹೆಂಗಸರು ಇಪ್ಪತ್ತು ವರ್ಷವಾದರೂ ನಗುವುದು ಬಿಟ್ಟಿರಲಿಲ್ಲ. ಗಂಡ ಸತ್ತ ಮೇಲೆ ಮಾತ್ರ ನಗುವುದು ಬಿಟ್ಟರು. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಕೊಲೆಯಾದವನ ಅಂಗಿಯನ್ನು ಆ ಮನೆತನದಲ್ಲಿ ಒಗೆಯುವುದಿಲ್ಲ. ರಕ್ತ ಒಣಗಿದ ಹಾಗೆಯೇ ಮಡಿಚಿ ಟ್ರಂಕಿನಲ್ಲಿಡುತ್ತಾರೆ. ಅಮಾವಾಸ್ಯೆಗೊಮ್ಮೆ ತೆಗೆದು ಸತ್ತವನ ಮಕ್ಕಳ ಕೈಗೆ ಕೊಡುತ್ತಾರೆ. ಮಕ್ಕಳು ಮುಟ್ಟಿ, ಹೊಡೆದವನ ಹೆಸರು ಹೇಳಬೇಕು. ಹೊಡೆದವನು ಸತ್ತ ದಿನ ಅಂಗಿಯನ್ನು ಸುಡುತ್ತಾರೆ. ಹನುಮಂತುವಿನ ಅಜ್ಜನ ಅಂಗಿ ಹದಿನೇಳು ವರ್ಷ ಟ್ರಂಕಿನಲ್ಲಿತ್ತಂತೆ. ಅಪ್ಪ ಸತ್ತಾಗ ಮಗಳು ದುರ್ಗಾಳಿಗೆ ಹದಿನಾಲ್ಕು. ಮೊದಲ ಅಮಾವಾಸ್ಯೆಗೇ ಮುಟ್ಟಿದಳು. ಆಮೇಲೆ ಒಂದು ಅಮಾವಾಸ್ಯೆಯನ್ನೂ ಬಿಡಲಿಲ್ಲ. ಗಂಡುಮಗ ಓಬುಲೇಶ್ ಆಗ ಆರು ವರ್ಷದವನು. ಒಂಬತ್ತು ತುಂಬಲಿ, ಆಮೇಲೆ ಮುಟ್ಟಲಿ ಎಂದು ಬೊಮ್ಮಣ್ಣ ಗೊತ್ತು ಮಾಡಿದ್ದ. ಗಂಗಕ್ಕ ಬೇಡ ಅನ್ನಲಿಲ್ಲ. ಟ್ರಂಕಿನ ಕೀಲಿ ಅವಳ ತಾಳಿ ಇದ್ದ ಜಾಗದಲ್ಲೇ ನೇತಾಡುತ್ತಿತ್ತು.

ಅಪ್ಪ ಸತ್ತ ಮೇಲಿನ ಮೂರನೆಯ ಬೇಸಿಗೆ, ವೈಶಾಖದ ಅಮಾವಾಸ್ಯೆಗೆ ಓಬುಲೇಶನಿಗೆ ಒಂಬತ್ತು ತುಂಬುತ್ತಿತ್ತು.

ಗಂಡ ಸತ್ತ ಮೇಲೆ ಅವಳಿಗೆ ಊರ ಕನ್ನಡ ಶಾಲೆಯಲ್ಲಿ ಮಧ್ಯಾಹ್ನದ ಅಡಿಗೆಯ ಕೆಲಸ ಸಿಕ್ಕಿತು. ಎಪ್ಪತ್ತು ಮಕ್ಕಳಿಗೆ ಅನ್ನ, ಸಾರು, ಮೊಟ್ಟೆ. ಆ ವರ್ಷ ಬೇಸಿಗೆ ರಜೆಗೆ ಮುಂಚಿನ ದಿನ ಚಂದ್ರಕಲಾ ಟೀಚರು ಒಂದು ರಟ್ಟಿನ ಪೆಟ್ಟಿಗೆಯನ್ನು ಅಡಿಗೆಮನೆಗೆ ತಂದಿಟ್ಟರು. ಬಳ್ಳಾರಿಯ ಯಾರೋ ಪುಣ್ಯಾತ್ಮರು ಕೊಟ್ಟ ನಲವತ್ತೆರಡು ಕಥೆಪುಸ್ತಕ. ರಜೆಯಲ್ಲಿ ಮಕ್ಕಳಿಗೆ ಓದಲು ಕೊಡಬೇಕು, ಸೋಮವಾರಕ್ಕೊಮ್ಮೆ ಬದಲಾಯಿಸಬೇಕು, ಯಾವ ವಯಸ್ಸಿಗೆ ಯಾವುದು ಅಂತ ನೋಡಿ ಕೊಡಬೇಕು ಅಂದರು. ಟೀಚರು ರಜೆಗೆ ರಾಯದುರ್ಗಕ್ಕೆ ಹೋಗುವವರು.

ನಾನು ನಾಲ್ಕನೇ ಕ್ಲಾಸು ಕಣಮ್ಮ, ನನಗೆ ಇದೆಲ್ಲ ಎಲ್ಲಿ ಆದೀತು ಅಂದಳು ಗಂಗಕ್ಕ.

"ಯಾವ ಹುಡುಗ ಎಷ್ಟು ಉಣ್ತಾನ ಅಂತ ನಿಮಗ ಗೊತ್ತೈತಲ್ರಿ," ಅಂದರು ಟೀಚರು. "ನನಗ ಅವರ ಮಾರ್ಕ್ಸ್ ಅಷ್ಟ ಗೊತ್ತು."

ಆ ಮಾತು ಅವಳಿಗೆ ಸರಿ ಕಂಡಿತು. ಒಂದನೆಯ ಕ್ಲಾಸಿನವರಿಗೆ ಅನ್ನ ಮೆತ್ತಗೆ ಹಿಸುಕಿ ಹಾಕಬೇಕು. ಐದನೆಯವರು ತಟ್ಟೆ ತುಂಬ ಹಾಕಿಸಿಕೊಂಡು ಅರ್ಧ ಚೆಲ್ಲುತ್ತಾರೆ. ಎಂಟು, ಒಂಬತ್ತನೆಯವರು ಬೇಡ ಅನ್ನುತ್ತಾರೆ, ಎಲ್ಲರೂ ಎದ್ದು ಹೋದ ಮೇಲೆ ಬಂದು ಕೇಳುತ್ತಾರೆ. ಪುಸ್ತಕವೂ ಹಾಗೆಯೇ ಇರಬಹುದು ಅಂದುಕೊಂಡಳು. ತಾನು ರುಚಿ ನೋಡದೆ ಯಾವತ್ತೂ ಬಡಿಸಿದವಳಲ್ಲ. ಆದ್ದರಿಂದ ನಲವತ್ತೆರಡನ್ನೂ ಓದಲು ಕೂತಳು. ತುಟಿ ಆಡಿಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು.

ಓದಿದರೆ ಬಹಳಷ್ಟರಲ್ಲಿ ಹೊಡೆದಾಟ. ರಾಜ ರಾಜನನ್ನು ಕೊಂದ. ಬೇಟೆಗಾರ ಹುಲಿಯನ್ನು ಕೊಂದ. ರಾಕ್ಷಸನ ತಲೆ ಚೆಂಡಿನಂತೆ ಹಾರಿತು ಎಂದು ಬರೆದಿತ್ತು. ಅವಳು ತಲೆ ಹಾರದಿದ್ದರೂ ಕತ್ತು ವಾಲುವುದನ್ನು ನೋಡಿದವಳು. ಅದು ಚೆಂಡಿನಂತೆ ಇರುವುದಿಲ್ಲ. ಅಂಥವನ್ನೆಲ್ಲ ತೆಗೆದು ಬೇಳೆ ಡಬ್ಬಿಯ ಹಿಂದೆ ತಳ್ಳಿದಳು. ಉಳಿದದ್ದು ಒಂಬತ್ತು. ಒಂದು ಮೇಕೆಮರಿಯದು, ಒಂದು ತರಕಾರಿಗಳದು, ಒಂದು ನಕ್ಷತ್ರಗಳದು, ಒಂದು ಅಕ್ಷರಮಾಲೆಯದು, ಹೀಗೆ.

ಮೊದಲ ಸೋಮವಾರ ಮಕ್ಕಳು ಬಂದರು. ಶಾಲೆಯ ಜಗಲಿಯಲ್ಲಿ ಕೂತು ಒಂಬತ್ತನ್ನೇ ಹಂಚಿಕೊಂಡು ಓದಿದರು. ಸ್ವಲ್ಪ ಹೊತ್ತಿಗೆ ನಾಲ್ಕನೆಯ ಕ್ಲಾಸಿನ ಉಮಾಮಹೇಶ್ವರ ಮೇಕೆಮರಿ ಪುಸ್ತಕ ಮಡಿಚಿಕೊಂಡು ಅವಳ ಹತ್ತಿರ ಬಂದ.

"ಅತ್ತಿ, ಇದರಾಗ ಯಾರೂ ಸಾಯಂಗಿಲ್ಲೇನು?"

"ಯಾಕಪ್ಪ, ಸಾಯ್ಬೇಕಾ?"

"ಮ್ಯಾಕಿಮರಿ ಅಂದಮ್ಯಾಲ ಯಾವಾಗರ ಸಾಯಬೇಕಲ್ಲ. ನಮ್ಮನ್ಯಾಗಂತೂ ಹಬ್ಬದ ತನಕಾನೂ ಉಳಿಯಂಗಿಲ್ಲ."

ಮಕ್ಕಳೆಲ್ಲ ನಕ್ಕರು. ಗಂಗಕ್ಕನಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದದ್ದು.

ಬೇಳೆ ಡಬ್ಬಿಯ ಹಿಂದಿನವನ್ನು ಮತ್ತೆ ತೆಗೆದಳು. ಒಲೆ ಮುಂದೆ ಕೂತು ಮತ್ತೊಮ್ಮೆ ಓದಿದಳು. ಈ ಸಲ ಒಂದೇ ನೋಡಿದಳು. ಸತ್ತವನಿಗೆ ಮನೆ ಇದೆಯೋ ಇಲ್ಲವೋ. ರಾಕ್ಷಸನಿಗೆ ಹೆಂಡತಿ ಮಕ್ಕಳಿಲ್ಲ. ಅವನು ಸತ್ತರೆ ಅಡಿಗೆ ನಿಲ್ಲುವ ಮನೆ ಯಾವುದೂ ಇಲ್ಲ. ಅದು ಸಣ್ಣವರಿಗೆ ಸರಿ, ಓದಿ ಗಟ್ಟಿಯಾಗಿ ನಿದ್ದೆ ಮಾಡುತ್ತಾರೆ. ಹುಲಿಗೆ ಮರಿಗಳಿದ್ದವು, ಮರಿಗಳು ಏನಾದವು ಅಂತಲೂ ಬರೆದಿತ್ತು. ಅದು ಆರು, ಏಳನೆಯವರಿಗೆ. ದೊಡ್ಡ ಮಕ್ಕಳಿಗೆ ಮಾತ್ರ ಏಟು ಬಿದ್ದ ಮೇಲಿನದು ಪೂರ್ತಿ ಇರಬೇಕು ಅಂದುಕೊಂಡಳು. ಹೆಣ ಎತ್ತಿದವರು ಯಾರು, ಹೊಡೆದವನು ಆ ರಾತ್ರಿ ಏನು ಉಂಡ, ಮುಂದಿನ ಸೋಮವಾರ ಎರಡೂ ಮನೆಯವರು ನಲ್ಲಿಗೆ ಹೇಗೆ ಬಂದರು. ಅಂಥ ಪುಸ್ತಕ ನಲವತ್ತೆರಡರಲ್ಲಿ ಒಂದೂ ಇರಲಿಲ್ಲ. ಮನುಷ್ಯರ ಕಥೆಗಳೆಲ್ಲ ಕತ್ತಿ ಇಳಿದಲ್ಲಿಗೆ ಮುಗಿಯುತ್ತಿದ್ದವು. ಬರೆದವರು ಯಾರೂ ಹೆಣದ ಬಟ್ಟೆ ಬಿಚ್ಚಿದವರಲ್ಲ ಅಂದುಕೊಂಡಳು. ಇದ್ದುದರಲ್ಲಿ ಹತ್ತಿರದ್ದನ್ನು ಆರಿಸಿ ದೊಡ್ಡವರಿಗೆಂದು ಬೇರೆ ಇಟ್ಟಳು.

ಎರಡನೆಯ ಸೋಮವಾರ ರೇವತಿ ಬಂದಳು.

ರೇವತಿ ಎರ್ರಪ್ಪನ ಮಗಳು. ಹದಿಮೂರು ವರ್ಷ, ಎಂಟನೆಯ ಕ್ಲಾಸು. ಎರಡು ವರ್ಷದಿಂದ ಗಂಗಕ್ಕ ಅವಳಿಗೂ ಬಡಿಸುತ್ತಿದ್ದಳು. ಬಡಿಸದಿರುವ ಹಾಗಿರಲಿಲ್ಲ. ಆದರೆ ಸಾರಿನ ಸೌಟನ್ನು ತಳಕ್ಕೆ ಬಿಡುತ್ತಿರಲಿಲ್ಲ. ಮೇಲಿನ ನೀರನ್ನಷ್ಟೇ ಹಾಕುತ್ತಿದ್ದಳು. ಆ ಹುಡುಗಿ ಒಮ್ಮೆಯೂ ಬೇಳೆ ಕೇಳಲಿಲ್ಲ.

ಜಗಲಿಯ ಮಕ್ಕಳು ಸರಿದು ದಾರಿ ಬಿಟ್ಟರು. ಕಂಬಕ್ಕೆ ಒರಗಿ ದುರ್ಗಾ ಕೂತಿದ್ದಳು. ಹತ್ತನೆಯ ಕ್ಲಾಸು ಮುಗಿಸಿದವಳು, ಅವ್ವನಿಗೆ ಪುಸ್ತಕ ಎಣಿಸಲು ಬಂದಿದ್ದಳು.

ನನಗೂ ಒಂದು ಕೊಡ್ರಿ ಅಂದಳು ರೇವತಿ, ನೆಲ ನೋಡಿಕೊಂಡು. ಗಂಗಕ್ಕ ದೊಡ್ಡವರ ಪುಸ್ತಕದ ಮೇಲೆ ಕೈ ಇಟ್ಟಿದ್ದಳು. ಕೈ ಎತ್ತಿದಳು. ಸಣ್ಣವರ ಕಡೆಯಿಂದ ಅಕ್ಷರಮಾಲೆಯ ಪುಸ್ತಕ ತೆಗೆದು ಕೊಟ್ಟಳು. ಅ ಅಂದರೆ ಅರಸ, ಆ ಅಂದರೆ ಆನೆ.

"ನಿಮ್ಮನೇಲಿ ಇದರಿಂದ್ಲೇ ಸುರು ಮಾಡ್ಬೇಕು ಕಣವ್ವ," ಅಂದಳು. "ಮನುಷ್ಯರಾಗೋದು ಹೆಂಗೆ ಅಂತ."

ಮಕ್ಕಳು ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ದುರ್ಗಾ. ರೇವತಿ ಪುಸ್ತಕ ತೆಗೆದುಕೊಂಡಳು. ನಿಂತಲ್ಲೇ ಮೊದಲ ಪುಟ ತೆರೆದು ನೋಡಿದಳು. ಹೋದಳು.

ಅಂದು ಸಂಜೆ ಬೋರಿನ ನಲ್ಲಿಯಲ್ಲಿ ಬಿಂದಿಗೆ ಪಾಳಿ. ರೇವತಿಯ ಬಿಂದಿಗೆ ಮುಂದಿತ್ತು. ದುರ್ಗಾ ಅದನ್ನು ಕಾಲಿನಿಂದ ಒದ್ದಳು. ಅರಸ, ಆನೆ ಓದಿ ಮುಗೀತೇನೇ ಅಂತ ಕೇಳಿದಳು. ರೇವತಿ ಬಿಂದಿಗೆ ಎತ್ತಲು ಬಗ್ಗಿದಳು. ಬಗ್ಗಿದ ತಲೆಯ ಮೇಲೆ ದುರ್ಗಾ ಕಲ್ಲು ಹಾಕಿದಳು. ನಲ್ಲಿಕಟ್ಟೆಯ ಕಲ್ಲು, ಎರಡು ಕೈಯಿಂದ ಎತ್ತಿದ್ದು. ಒಂದು ಸಲಕ್ಕೆ ಬಿಡಲಿಲ್ಲ. ಬಿದ್ದವಳ ಮೇಲೆ ಕೂತು ಜುಟ್ಟು ಹಿಡಿದು ಮುಖವನ್ನು ಕಟ್ಟೆಗೆ ಬಡಿದಳು. ಹೆಂಗಸರು ಎಳೆದರೂ ಬಿಡಲಿಲ್ಲ. ಒಬ್ಬಳ ಕೈ ಕಚ್ಚಿದಳು. ನಲ್ಲಿಯ ನೀರು ಕೆಂಪಾಗಿ ಬಚ್ಚಲಿಗೆ ಇಳಿಯಿತು.

ಗಂಗಕ್ಕ ಓಡಿ ಬರುವ ಹೊತ್ತಿಗೆ ಎರ್ರಪ್ಪನೂ ಬಂದಿದ್ದ. ಅವನ ಹಿಂದೆಯೇ ಬೊಮ್ಮಣ್ಣ, ಕೈಯಲ್ಲಿ ಮಚ್ಚು. ಇವತ್ತು ಇಲ್ಲೇ ಅಪ್ಪ ಮಗಳು ಇಬ್ಬರನ್ನೂ ಮುಗಿಸುತ್ತೇನೆ ಅಂತ ಕೂಗುತ್ತಿದ್ದ. ನಾಲ್ಕು ಜನ ಅವನನ್ನು ಹಿಡಿದರು. ಎರ್ರಪ್ಪ ಮಚ್ಚಿನ ಕಡೆ ತಿರುಗಿಯೂ ನೋಡಲಿಲ್ಲ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡ. ಹೆಗಲ ಟವೆಲ್ಲು ತೆಗೆದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಹಿಡಿದು, ತಲೆಗೆ ಎರಡು ಸುತ್ತು ಸುತ್ತಿ ಬಿಗಿದ. ಬಿಗಿಯುವಾಗ ಅಳುತ್ತಿದ್ದ.

ಗಂಗಕ್ಕ ಅದನ್ನು ನೋಡಿದಳು. ಅಲ್ಲೇ ಕೂತಳು. ಜನ ಅದನ್ನು ಭಯ ಅಂದುಕೊಂಡರು. ಭಯವಲ್ಲ. ಆ ಹಲ್ಲು, ಆ ಟವೆಲ್ಲು, ಆ ಎರಡು ಸುತ್ತು, ಇವನ್ನು ಅವಳು ಒಮ್ಮೆ ನೋಡಿದ್ದಳು. ನೋಡಿಲ್ಲ ಅಂತ ಎರಡೂವರೆ ವರ್ಷ ಹೇಳಿಕೊಂಡು ಬಂದಿದ್ದಳು.

ರೇವತಿಗೆ ಹದಿನಾಲ್ಕು ಹೊಲಿಗೆ ಬಿತ್ತು. ಮುಂದಿನ ಎರಡು ಹಲ್ಲು ಹೋದವು. ಪೊಲೀಸರು ಬಂದರು. ದುರ್ಗಾ ಇನ್ನೂ ಹದಿನಾರರ ಹುಡುಗಿ ಅಂತ ಹೆಸರು ಬರೆದುಕೊಂಡು, ಕರೆದಾಗ ಅನಂತಪುರದ ಮಕ್ಕಳ ಕೋರ್ಟಿಗೆ ಬರಬೇಕು ಅಂತ ಹೇಳಿ ಹೋದರು. ಬೊಮ್ಮಣ್ಣ ದುರ್ಗಾಳ ಬೆನ್ನು ತಟ್ಟಿದ. ಅವತ್ತು ಕೋಳಿ ಕೊಯ್ಯಿಸಿದ.

ಗಂಗಕ್ಕ ಮಗಳನ್ನು ಒಳಗೆ ಕೂರಿಸಿ, ಆ ಮಗು ನಿನಗೇನು ಮಾಡಿತ್ತು ಅಂತ ಕೇಳಿದಳು. ದುರ್ಗಾ ಉಗುರಿನಲ್ಲಿದ್ದ ರಕ್ತವನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದಳು.

"ನೀ ಪುಸ್ತಕ ಕೊಟ್ಟಿ, ನಾ ಕಲ್ಲು ಕೊಟ್ಟೆ," ಅಂದಳು. "ಯಾರಿಗೆ ಏನು ಕೊಡಬೇಕು ಅಂತ ನಿನ್ನ ನೋಡೇ ಕಲಿತೀನಿ, ಅವ್ವ."

ಅಮಾವಾಸ್ಯೆಗೆ ಹತ್ತು ದಿನವಿತ್ತು. ಆ ಹತ್ತು ದಿನ ಗಂಗಕ್ಕ ಸರಿಯಾಗಿ ಉಣ್ಣಲಿಲ್ಲ. ಓಬುಲೇಶ್ ಮೇಕೆಮರಿಯ ಪುಸ್ತಕವನ್ನು ತಂಗಾಳಿಗೆ ಮಲಗಿ ಗಟ್ಟಿಯಾಗಿ ಓದುತ್ತಿದ್ದ. ಇವನ ಕೈಗೆ ಅಂಗಿ ಕೊಟ್ಟರೆ ಮುಂದೆ ಇವನು ಯಾರ ಮಗನ ತಲೆಯ ಮೇಲೆ ಕಲ್ಲು ಹಾಕುತ್ತಾನೆ ಅಂತ ಲೆಕ್ಕ ಹಾಕಿದಳು. ಎರ್ರಪ್ಪನಿಗೆ ಒಬ್ಬ ಸಣ್ಣ ಮಗನೂ ಇದ್ದ. ಅವನು ಉಮಾಮಹೇಶ್ವರನ ಜೊತೆ ನಾಲ್ಕನೆಯ ಕ್ಲಾಸಿನಲ್ಲಿ ಕೂರುತ್ತಿದ್ದ. ಓಬುಲೇಶನೂ ಅದೇ ಬೆಂಚಿನಲ್ಲಿ.

ಅಮಾವಾಸ್ಯೆಯ ದಿನ ಮಧ್ಯಾಹ್ನ ಬೊಮ್ಮಣ್ಣ ತಲೆಗೆ ನೀರು ಹಾಕಿಕೊಂಡು ಬಂದ. ನಡುಮನೆಯಲ್ಲಿ ಕಂಬಳಿ ಹಾಸಿದ. ಓಬುಲೇಶನನ್ನು ಅದರ ಮೇಲೆ ಕೂರಿಸಿದ. ಟ್ರಂಕು ತೆಗೀರಿ ಅತ್ತಿಗಿ ಅಂದ.

ಗಂಗಕ್ಕ ಒಲೆಯ ಮುಂದಿಂದ ಏಳಲಿಲ್ಲ. ಅವನಿಗೆ ಇದು ಬೇಡ ಅಂದಳು.

"ಬ್ಯಾಡ ಅಂದ್ರ? ಹೆಣ್ಣುಹುಡುಗಿ ಮುಟ್ಟಿದ್ಲು, ಗಂಡಸಾದಾವ ಮುಟ್ಟಬಾರದೇನು?"

"ಅವಳಿಗೆ ಮುಟ್ಟಿಸಿದ್ದೂ ತಪ್ಪು. ನಲವತ್ತೆರಡು ಪುಸ್ತಕ ಓದಿದೆ ಕಣಪ್ಪ ನಾನು. ಒಂಬತ್ತು ವರ್ಷದವನ ಕೈಗೆ ಇಂಥದ್ದು ಕೊಡೋಕೆ ಯಾವನೂ ಬರ್ದಿಲ್ಲ."

ಬೊಮ್ಮಣ್ಣ ಬಂದು ಅವಳ ಕತ್ತಿನ ದಾರಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ. ಕೆನ್ನೆಗೆ ಹೊಡೆದ. ಅವಳ ತಲೆ ಗೋಡೆಗೆ ಬಡಿಯಿತು. ಇನ್ನೊಂದು ಏಟಿಗೆ ತುಟಿ ಒಡೆಯಿತು. ದಾರ ಕಿತ್ತು ಕೀಲಿ ಅವನ ಕೈಗೆ ಹೋಯಿತು. ಗಂಗಕ್ಕ ಒಲೆಯಿಂದ ಉರಿಯುವ ಕೊಳ್ಳಿ ಎಳೆದಳು. ಟ್ರಂಕಿನ ಬೀಗಕ್ಕೆ ಬಗ್ಗಿದ್ದ ಅವನ ಮುಂಗೈಗೆ ಇಟ್ಟು ಬಡಿದಳು. ಮೂಳೆ ಮುರಿದ ಸದ್ದು ಕೇಳಿಸಿತು. ಅವನು ಕೂಗಿಕೊಂಡು ಬಿದ್ದ. ಅವಳು ಮತ್ತೊಂದು ಹೊಡೆದಳು, ಮೊಣಕಾಲಿಗೆ. ಮತ್ತೂ ಹೊಡೆಯಬೇಕು ಅನ್ನಿಸಿತು. ಓಬುಲೇಶ್ ಕಂಬಳಿಯ ಮೇಲೆ ಕೂತು ಅವಳನ್ನೇ ನೋಡುತ್ತಿದ್ದ. ಅವನ ಚಡ್ಡಿ ಒದ್ದೆಯಾಗಿತ್ತು. ಕೊಳ್ಳಿ ಕೆಳಗಿಟ್ಟಳು.

ದುರ್ಗಾ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಪ್ಪನ ಕಡೆಯೂ ಬರಲಿಲ್ಲ, ಅವ್ವನ ಕಡೆಯೂ ಬರಲಿಲ್ಲ.

ಬೊಮ್ಮಣ್ಣ ಕೈಯನ್ನು ಎದೆಗೆ ಹಿಡಿದುಕೊಂಡು, ನಮ್ಮಣ್ಣನ್ನ ಕೊಂದಾವನ ಮಗ್ಗಲು ಸೇರಿಕೊಂಡೆಯಾ ಅಂತ ಬೈಯುತ್ತಾ ಹೋದ. ಸೇರುವವಳಲ್ಲ. ಎರ್ರಪ್ಪ ಸಾಯಲಿ ಅಂತ ಅವಳಿಗೆ ಆಗಲೂ ಇತ್ತು.

ಓಬುಲೇಶನನ್ನು ಪಕ್ಕದ ಮನೆಗೆ ಕಳಿಸಿದಳು. ದುರ್ಗಾಳನ್ನು ಎದುರಿಗೆ ಕೂರಿಸಿಕೊಂಡಳು. ತುಟಿಯ ರಕ್ತವನ್ನು ಸೆರಗಿನಿಂದ ಒತ್ತಿಕೊಂಡು ಹೇಳಲು ಹೊರಟಳು. ಹಿಂದೆ ಹೇಳಿದಾಗ ಕಥೆ ಏಟಿಗೆ ಮುಗಿಯುತ್ತಿತ್ತು. ಈ ಸಲ ಏಟಿನಿಂದ ಮುಂದಕ್ಕೆ ಹೇಳಿದಳು.

ಎರ್ರಪ್ಪ ಹೊಡೆದು ಓಡಲಿಲ್ಲ. ಸಲಿಕೆ ಎಸೆದು ಕೂತ. ಹನುಮಂತುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಟವೆಲ್ಲಿನ ತುದಿ ಹಲ್ಲಿನಲ್ಲಿ ಕಚ್ಚಿ ಕತ್ತಿಗೆ ಬಿಗಿದ. ಅಕ್ಕಾ, ಇಲ್ಲಿ ಒತ್ತಿ ಹಿಡಿ, ಟ್ರಾಕ್ಟರ್ ತರುತ್ತೇನೆ ಅಂತ ಅತ್ತ. ಆಮೇಲೆ ಓಡಿದ. ಓಡಿದ್ದು ಊರ ಕಡೆಗೆ. ಎದುರಿಗೆ ಜನ ಬರುವುದನ್ನು ಕಂಡ ಮೇಲೆ ಹೊಲಕ್ಕೆ ತಿರುಗಿದ.

ದುರ್ಗಾ ಸುಳ್ಳು ಅಂದಳು.

"ಇನ್ನೂ ಐತೆ, ಕೇಳು," ಅಂದಳು ಗಂಗಕ್ಕ. "ನಾನು ಒತ್ತಿ ಹಿಡೀಲಿಲ್ಲ. ಹೊಡೆದವನ ಬಟ್ಟೆ ನನ್ನ ಗಂಡನ ಮೈಮೇಲೆ ಇರಬಾರದು ಅಂತ ಬಿಚ್ಚಿದೆ. ಬಿಚ್ಚಿ ಕಾಲುವೆಗೆ ಎಸೆದೆ. ಬಿಚ್ಚಿದ ಕೂಡಲೇ ರಕ್ತ ಹಾರಿ ನನ್ನ ಬಾಯೊಳಕ್ಕೆ ಬಂತು. ನನ್ನ ಸೆರಗು ಸುತ್ತಿದೆ. ಅಷ್ಟೊತ್ತಿಗೆ ಆಗೋಗಿತ್ತು."

ಬಿಚ್ಚದಿದ್ದರೆ ಬದುಕುತ್ತಿದ್ದನೋ ಇಲ್ಲವೋ ತನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳುವ ಧೈರ್ಯವೂ ಬರಲಿಲ್ಲ ಅಂದಳು. ಕೋರ್ಟಿನಲ್ಲಿ ಏಟನ್ನೂ ಹೇಳುತ್ತೇನೆ, ಟವೆಲ್ಲನ್ನೂ ಹೇಳುತ್ತೇನೆ, ಅದರಿಂದ ಅವನಿಗೆ ಶಿಕ್ಷೆ ಕಡಿಮೆಯಾದರೆ ಆಗಲಿ ಅಂದಳು. ಹೇಳುವಾಗ ಅಳಲಿಲ್ಲ. ಅಡಿಗೆ ಹಳಸಿದೆ ಅಂತ ಹೇಳುವ ಹಾಗೆ ಹೇಳಿದಳು.

ದುರ್ಗಾ ಎದ್ದು ಬಂದು ಅವಳ ಕೆನ್ನೆಗೆ ಹೊಡೆದಳು. ಬೊಮ್ಮಣ್ಣ ಹೊಡೆದ ಕೆನ್ನೆಗೇ. ಗಂಗಕ್ಕ ಕೈ ಅಡ್ಡ ತರಲಿಲ್ಲ. ಎರಡನೆಯ ಸಲ ಎತ್ತಿದ ಕೈ ಬೀಳಲಿಲ್ಲ. ದುರ್ಗಾ ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಮೂರು ದಿನ ಅವ್ವನ ಕೈಯ ಅನ್ನ ಉಣ್ಣಲಿಲ್ಲ, ತಾನೇ ಬೇರೆ ಬೇಯಿಸಿಕೊಂಡಳು.

ನಾಲ್ಕನೆಯ ದಿನ ಬೆಳಿಗ್ಗೆ ಓಬುಲೇಶ್ ಶಾಲೆಯ ಕಡೆ ಹೊರಟಿದ್ದ. ಅವತ್ತು ಸೋಮವಾರ, ಪುಸ್ತಕ ಬದಲಾಯಿಸುವ ದಿನ. ದುರ್ಗಾ ಅವನ ಅಂಗಿ ಹಿಡಿದು ನಿಲ್ಲಿಸಿದಳು. ಅವನಿಗೂ ಹೇಳು ಅಂದಳು. ಮೂರು ದಿನದಲ್ಲಿ ಆಡಿದ ಮೊದಲ ಮಾತು ಅದು.

"ಒಂಬತ್ತು ವರ್ಷ ಕಣೇ ಅವನಿಗೆ."

"ಅಂಗಿ ಮುಟ್ಟಿಸಿದಾಗ ನನಗ ಹದಿನಾಲ್ಕು," ಅಂದಳು ದುರ್ಗಾ.

ಗಂಗಕ್ಕ ಹೊಸ್ತಿಲ ಮೇಲೆ ಕೂತು ಮಗನನ್ನು ಹತ್ತಿರ ಎಳೆದುಕೊಂಡಳು. ನಿಮ್ಮಪ್ಪನಿಗೆ ಎರ್ರಪ್ಪ ಹೊಡೆದ, ಅದು ನಿನಗೆ ಗೊತ್ತು ಅಂದಳು. ಹೊಡೆದ ಮೇಲೆ ಅವನೇ ಟವೆಲ್ಲು ಕಟ್ಟಿ ಅತ್ತ, ಅದನ್ನು ನಾನು ನಿನಗೆ ಹೇಳಿರಲಿಲ್ಲ ಅಂದಳು. ಓಬುಲೇಶ್, ಹೊಡೆದು ಯಾಕ ಕಟ್ಟಿದ ಅಂತ ಕೇಳಿದ. ತಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ ಅಂದಳು ಗಂಗಕ್ಕ. ಅಲ್ಲಿಗೆ ನಿಲ್ಲಿಸಿದಳು. ಅವನು ಪುಸ್ತಕ ಬಗಲಿಗೆ ಇಟ್ಟುಕೊಂಡು ಓಡಿದ.

ದುರ್ಗಾ ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಂಡಿದ್ದಳು.

"ಉಳಿದಿದ್ದು? ನೀ ಟವೆಲ್ಲು ಬಿಚ್ಚಿದ್ದು?"

"ಅವನಿಗೆ ಹದಿನಾರು ಆಗಲಿ."

"ನೀ ಹೇಳದಿದ್ರ ನಾ ಹೇಳ್ತೀನಿ," ಅಂದಳು ದುರ್ಗಾ. ಒಲೆಯ ಹತ್ತಿರ ಹೋಗಿ, ಅವ್ವ ಮಾಡಿಟ್ಟಿದ್ದ ಮುದ್ದೆಯಲ್ಲಿ ಅರ್ಧ ಮುರಿದು ತಟ್ಟೆಗೆ ಹಾಕಿಕೊಂಡಳು.